ವಿಮಾನ ಸಿಮ್ಯುಲೇಟರಿಗೆ ಯಾವ ಜಾಯ್‌ಸ್ಟಿಕ್? ನಮ್ಮ ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಬಡಗಿಗೆ ಹೋದರೆ ಮಂಗಳೂರಿನ ಬಜ್ಪೆ, ತೆಂಕಿಗೆ ಹೋದರೆ ಕಣ್ಣೂರು. ಆದರೂ ವಿಮಾನದ ಸುದ್ದಿ ಬಾರದ ಮನೆ ಇಲ್ಲಿ ಕಡಿಮೆ. ಯಾರಾದರೊಬ್ಬರು ಗಲ್ಫಿನಲ್ಲಿ ಇದ್ದೇ ಇರುತ್ತಾರೆ. ಬದಿಯಡ್ಕದ ಹತ್ತಿರ ನಮ್ಮ ಮನೆ. ಅಡಿಕೆ ಗೋಣಿ ಇಡುವ ಕೋಣೆಯ ಪಕ್ಕದಲ್ಲಿ ನನ್ನ ಕಂಪ್ಯೂಟರ್ ಇದೆ. ಅದರಲ್ಲಿ ಸಿಮ್ಯುಲೇಟರ್, ಅಂದರೆ ವಿಮಾನ ಹಾರಿಸುವ ಆಟ, ಆಡುತ್ತೇನೆ. ಅದರ ಮುಂದೆ ಈಗಿರುವುದು ನನ್ನ ಮೂರನೆಯ ಜಾಯ್‌ಸ್ಟಿಕ್, ಅಂದರೆ ವಿಮಾನ ನಡೆಸುವ ಕೋಲು. ಮೊದಲೆರಡರ ಕತೆ ಕೆಳಗೆ ಬರುತ್ತದೆ. ನಾನು ಪೈಲಟ್ ಅಲ್ಲ. ಸುಮ್ನೆ ಹುಚ್ಚು ಹಿಡಿದವನು. ಗೆಳೆಯರು, ನೆಂಟರು, ಅವರ ಮಕ್ಕಳು ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೆ ಬರೆದಿಟ್ಟೆ.

ಜಾಯ್‌ಸ್ಟಿಕ್ ಬೇಕೇ ಬೇಕಾ? ಕೀಬೋರ್ಡ್ ಸಾಲದಾ?

ವಿಮಾನ ಏರುತ್ತದೆ, ಇಳಿಯುತ್ತದೆ. ಆದರೆ ಕೀಲಿ ಒತ್ತಿದರೆ ಒತ್ತಿದ ಹಾಗೆ, ಬಿಟ್ಟರೆ ಬಿಟ್ಟ ಹಾಗೆ. ನಡುವೆ ಏನೂ ಇಲ್ಲ. ವಿಮಾನಕ್ಕೆ ಬೇಕಾದದ್ದು ಆ ನಡುವಿನದ್ದೇ: ಮೂತಿಯನ್ನು ಕೂದಲೆಳೆಯಷ್ಟು ಎತ್ತುವುದು, ರೆಕ್ಕೆಯನ್ನು ಚೂರು ವಾಲಿಸುವುದು. ಮನೆಯಲ್ಲಿ ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್ ಇದ್ದರೆ ಮೊದಲು ಅದರಲ್ಲೇ ಒಂದು ತಿಂಗಳು ಹಾರಿಸಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅದರಲ್ಲಿ ಚೆನ್ನಾಗಿಯೇ ನಡೆಯುತ್ತದೆ. ತಿಂಗಳಾದ ಮೇಲೂ ಆಸೆ ಆರದಿದ್ದರೆ ಜಾಯ್‌ಸ್ಟಿಕ್ ಕೊಳ್ಳಿ.

ಮೊದಲ ಸಲ ಕೊಳ್ಳುವಾಗ ಏನು ನೋಡಬೇಕು?

ಬಟನ್ ಎಣಿಸಬೇಡಿ. ಆಕ್ಸಿಸ್, ಅಂದರೆ ಬೇರೆ ಬೇರೆ ಚಲನೆ, ಎಣಿಸಿ. ಕಡಿಮೆಯೆಂದರೂ 4 ಬೇಕು. ಕೋಲನ್ನು ಹಿಂದೆ ಮುಂದೆ ಮಾಡಿದರೆ ಮೂತಿ ಮೇಲೆ ಕೆಳಗೆ, ಅದು ಒಂದು. ಎಡ ಬಲ ವಾಲಿಸಿದರೆ ರೆಕ್ಕೆ ವಾಲುತ್ತದೆ, ಎರಡು. ಕೋಲನ್ನು ತಿರುಪಿದರೆ ಬಾಲದ ರಡ್ಡರ್, ಅಂದರೆ ಮೂತಿಯನ್ನು ಎಡ ಬಲ ತಿರುಗಿಸುವ ಹಲಗೆ, ತಿರುಗುತ್ತದೆ, ಮೂರು. ಇಂಜಿನ್ನಿನ ಶಕ್ತಿ ಏರಿಳಿಸಲು ಥ್ರಾಟಲ್, ನಾಲ್ಕು. ಕೋಲಿನ ತಲೆಯ ಮೇಲೆ ಹೆಬ್ಬೆರಳಿಗೆ ಸಿಗುವ ಪುಟ್ಟ ಹ್ಯಾಟ್ ಸ್ವಿಚ್ ಇದ್ದರೆ ಅತ್ತಿತ್ತ ನೋಡಲು ಅನುಕೂಲ. ಮಿನುಗುವ ಬಣ್ಣದ ಲೈಟಿಗೆ ದುಡ್ಡು ಕೊಡಬೇಡಿ. ಮಿಣಿ ಮಿಣಿ ದೀಪ ನೋಡಿಯೇ ನಾನು ಮೊದಲನೆಯದನ್ನು ಕೊಂಡದ್ದು.

ತಿರುಪುವ ಕೋಲು ಯಾಕೆ? ಎಡ ಬಲ ವಾಲಿಸಿದರೆ ವಿಮಾನ ತಿರುಗುತ್ತದಲ್ವಾ?

ಆಕಾಶದಲ್ಲಿ ತಿರುಗುತ್ತದೆ. ನೆಲದಲ್ಲಿ ಏನು ಮಾಡುತ್ತೀರಿ? ರನ್‌ವೇಯಲ್ಲಿ ಓಡುವಾಗ ಮೂತಿ ನೇರ ಇಡುವುದು ರಡ್ಡರ್ ಕೆಲಸ. ಸೆಸ್ನಾ 172ರಂಥ ಒಂಟಿ ಇಂಜಿನ್ನಿನ ವಿಮಾನದಲ್ಲಿ ಪೂರ್ತಿ ಶಕ್ತಿ ಕೊಟ್ಟ ಕೂಡಲೇ ಮೂತಿ ಎಡಕ್ಕೆ ಎಳೆಯುತ್ತದೆ. ಮುಂದಿನ ಪಂಕ ತಿರುಗುವ ರೀತಿ, ಅದು ಹಿಂದಕ್ಕೆ ತಳ್ಳುವ ಸುರುಳಿ ಗಾಳಿ ಬಾಲಕ್ಕೆ ಬಡಿಯುವುದು, ಎಲ್ಲ ಸೇರಿ ಹಾಗಾಗುತ್ತದೆ. ಬಲ ರಡ್ಡರ್ ಕೊಡದಿದ್ದರೆ ವಿಮಾನ ಹುಲ್ಲಿಗೆ ಇಳಿಯುತ್ತದೆ.

ಇನ್ನೊಂದು ಕಷ್ಟ ಅಡ್ಡಗಾಳಿ. ಬಜ್ಪೆಯ ದೊಡ್ಡ ರನ್‌ವೇ 2450 ಮೀಟರ್ ಉದ್ದ. ಗುಡ್ಡದ ತಲೆ ತಟ್ಟಿ ಮಾಡಿದ ಟೇಬಲ್‌ಟಾಪ್ ಅದು. 24 ಅಂತ ಬರೆದ ತುದಿಯ ಕಡೆಯಿಂದ ಇಳಿಯುವಾಗ ವಿಮಾನದ ಮುಖ ನೈರುತ್ಯಕ್ಕೆ, ಅಂದರೆ ಕಡಲಿನತ್ತ ಓರೆಯಾಗಿ ಇರುತ್ತದೆ. ಸಿಮ್ಯುಲೇಟರಿನಲ್ಲಿ ವಾಯವ್ಯದಿಂದ ಗಾಳಿ ಇಟ್ಟು ನೋಡಿ. ಬಲಗಡೆಯಿಂದ ನೂಕುತ್ತದೆ. ಆಗ ಮೂತಿಯನ್ನು ಬಲಕ್ಕೆ, ಗಾಳಿಯತ್ತ ತಿರುಗಿಸಿಕೊಂಡು ಏಡಿಯ ಹಾಗೆ ಓರೆಯಾಗಿ ಬರಬೇಕು. ಚಕ್ರ ನೆಲ ಮುಟ್ಟುವ ಮೊದಲು ಎಡ ರಡ್ಡರ್ ಕೊಟ್ಟು ಮೂತಿ ನೇರ ಮಾಡಬೇಕು. ಅದೇ ಹೊತ್ತಿಗೆ ಕೋಲನ್ನು ಬಲಕ್ಕೆ ಚೂರು ವಾಲಿಸಿ ಬಲ ರೆಕ್ಕೆ ಏಳದ ಹಾಗೆ ಹಿಡಿಯಬೇಕು. ಕೋಲು ಒಂದು ಕಡೆ, ತಿರುಪು ಇನ್ನೊಂದು ಕಡೆ. ಕೀಬೋರ್ಡಿನಲ್ಲಿ ಇದು ಆಗುವ ಮಾತಲ್ಲ.

2010ರ ಮೇ 22ರ ವಿಮಾನ ದುರಂತದ ನಂತರ ನಮ್ಮ ಕಡೆಯವರಿಗೆ ಆ ರನ್‌ವೇ ಬರೀ ಆಟದ ಜಾಗ ಅಲ್ಲ. ಆಟವೇ ಆದರೂ ಅಲ್ಲಿ ಲೆಕ್ಕ ತಪ್ಪಿದರೆ ನಾನು ಇಳಿಸಲು ಹೋಗುವುದಿಲ್ಲ. ಶಕ್ತಿ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರುತ್ತೇನೆ.

ಪೊಟೆನ್ಶಿಯೋಮೀಟರ್, ಹಾಲ್ ಸೆನ್ಸರ್ ಅಂತ ಬರೆದಿರುತ್ತಾರೆ. ಏನು ವ್ಯತ್ಯಾಸ?

ನಮ್ಮ ಊರಿನವರಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು.

ಪೊಟೆನ್ಶಿಯೋಮೀಟರ್ ಅಂದರೆ ಹಳೇ ರೇಡಿಯೋದ ಸೌಂಡ್ ತಿರುಗಿಸುವ ಗುಬುಟಿನ ಒಳಗೆ ಇರುತ್ತಿತ್ತಲ್ಲ, ಅದೇ. ಇಂಗಾಲದ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜುತ್ತಾ ಹೋಗುತ್ತದೆ. ಉಜ್ಜಿದ ಕಡೆ ಸವೆಯುತ್ತದೆ. ಧೂಳು ಕೂರುತ್ತದೆ. ಹಳೇ ರೇಡಿಯೋ ಕರಕರ ಅನ್ನುತ್ತಿದ್ದದ್ದು ಇದಕ್ಕೇ. ಜಾಯ್‌ಸ್ಟಿಕ್‌ನಲ್ಲಿ ಸದ್ದು ಬರುವುದಿಲ್ಲ, ವಿಮಾನ ನಡುಗುತ್ತದೆ. ಕೈ ಅಲುಗಿಸದಿದ್ದರೂ ಮೂತಿ ಪಟಪಟ ಅನ್ನುತ್ತದೆ.

ಹಾಲ್ ಸೆನ್ಸರಿನಲ್ಲಿ ಉಜ್ಜುವ ಭಾಗವೇ ಇಲ್ಲ. ಒಂದು ಅಯಸ್ಕಾಂತ ತಿರುಗುತ್ತದೆ, ಪಕ್ಕದಲ್ಲಿರುವ ಚಿಪ್ ಅದರ ಬಲದ ಏರಿಳಿತವನ್ನು ಅಳೆಯುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಕಂಡುಹಿಡಿದದ್ದು. ಒಂದಕ್ಕೊಂದು ಮುಟ್ಟುವುದಿಲ್ಲ, ಹಾಗಾಗಿ ಉಜ್ಜಿ ಸವೆಯುವುದೂ ಇಲ್ಲ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ನನ್ನ ಮೊದಲ ಜಾಯ್‌ಸ್ಟಿಕ್ ಎರಡನೇ ಮಳೆಗಾಲ ದಾಟಲಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೂರು ತಿಂಗಳು ದೂಡಿದೆ, ಮತ್ತೆ ನಡುಕ ಶುರು. ಒಣ ಹವೆಯ ಊರಿನವರು ಬರೆದ ವಿಮರ್ಶೆ ಓದಿ ‘ಐದು ವರ್ಷ ಬಂತಂತೆ’ ಅಂತ ನಂಬಬೇಡಿ. ದುಡ್ಡು ಒಂದೇ ಕಡೆ ಹಾಕುವುದಾದರೆ ಸೆನ್ಸರಿಗೆ ಹಾಕಿ.

ಸುತ್ತಿ ಬಳಸಿ ಹೇಳಬೇಡಿ. ಹೆಸರು ಹೇಳಿ.

ಆಯಿತು. ಬೆಲೆ ಮಾತ್ರ ಬರೆಯುವುದಿಲ್ಲ, ಅದು ಅಡಿಕೆ ಧಾರಣೆಯ ಹಾಗೆ ಏರಿಳಿಯುತ್ತದೆ.

ಕಡಿಮೆ ಖರ್ಚಿಗೆ ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ. ತಿರುಪು ಇದೆ, 12 ಬಟನ್ ಇದೆ, ಹ್ಯಾಟ್ ಇದೆ, ಬುಡದಲ್ಲಿ ಚಿಕ್ಕ ಥ್ರಾಟಲ್ ಇದೆ. ಬಲಗೈಯವರಿಗೆ ಮಾತ್ರ. ಒಳಗೆ ಹಾಲ್ ಸೆನ್ಸರ್ ಇಲ್ಲ. ಹುಚ್ಚು ನಿಲ್ಲುತ್ತದಾ ಇಲ್ಲವಾ ಅಂತ ಪರೀಕ್ಷೆ ಮಾಡಲು ಸಾಕು.

ಒಂದು ಮೆಟ್ಟಿಲು ಮೇಲೆ ಥ್ರಸ್ಟ್‌ಮಾಸ್ಟರ್ ಟಿ.16000ಎಂ. ಮುಖ್ಯ ಎರಡು ಆಕ್ಸಿಸ್‌ಗಳಿಗೆ ಹಾಲ್ ಸೆನ್ಸರ್. ತಿರುಪಿಗೆ ಮಾತ್ರ ಪೊಟೆನ್ಶಿಯೋಮೀಟರ್, ಅದನ್ನು ತಿಳಿದೇ ಕೊಳ್ಳಿ. ಹೆಸರಿನ 16000 ಸುಮ್ನೆ ಇಟ್ಟದ್ದಲ್ಲ: ಒಂದು ತುದಿಯಿಂದ ಇನ್ನೊಂದು ತುದಿಗೆ 16000ಕ್ಕೂ ಜಾಸ್ತಿ ಹಂತ ಗುರುತಿಸುತ್ತದೆ. ಇದರ ಅಣ್ಣತಮ್ಮನೇ ಏರ್‌ಬಸ್ ರೂಪದ ಟಿಸಿಎ ಸೈಡ್‌ಸ್ಟಿಕ್. ವರ್ಷಗಟ್ಟಲೆ ಬಾಳಬೇಕು ಅನ್ನುವವರಿಗೆ ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ. ಬದಿಯಡ್ಕ, ಕಾಸರಗೋಡಿನ ಅಂಗಡಿಗಳಲ್ಲಿ ಇದನ್ನು ನಾನು ಕಂಡಿಲ್ಲ. ತರಿಸಿಯೇ ಕೊಳ್ಳಬೇಕು. ನನ್ನ ಕೈಯಲ್ಲಿ ಈಗ ಇರುವುದು ಇದೇ.

ಥ್ರಸ್ಟ್‌ಮಾಸ್ಟರ್ ವಾರ್ಥಾಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಮೆರಿಕದ ಎ-10ಸಿ ಯುದ್ಧವಿಮಾನದ ಕೋಲಿನ ಪಡಿಯಚ್ಚು. ಲೋಹದ್ದು, ನೋಡಲು ಬಲು ಚೆಂದ. ಆದರೆ ಕೋಲು ತಿರುಪಲು ಬರುವುದಿಲ್ಲ. ಅದನ್ನು ಕೊಂಡರೆ ರಡ್ಡರಿಗೆ ಕಾಲಿನ ಪೆಡಲನ್ನೂ ಕೊಳ್ಳಲೇಬೇಕು. ಇದನ್ನು ಮೊದಲೇ ತಿಳಿಯದೆ ಕೊಂಡು ಪೆಚ್ಚಾದವರು ನನಗೆ ಇಬ್ಬರು ಗೊತ್ತು.

ಕೋಲಾ, ಯೋಕಾ?

ಯಾವ ವಿಮಾನ ಹಾರಿಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಬೋಯಿಂಗ್ 737, ಎಟಿಆರ್, ಸೆಸ್ನಾ 172, ಇವುಗಳಲ್ಲೆಲ್ಲ ಇರುವುದು ಯೋಕ್, ಅಂದರೆ ಅರ್ಧ ಸ್ಟೇರಿಂಗಿನಂಥದ್ದು. ಏರ್‌ಬಸ್ ಎ320 1988ರಲ್ಲಿ ಸೇವೆಗೆ ಬಂದಾಗಲೇ ಯೋಕ್ ಬಿಟ್ಟು ಪಕ್ಕದ ಕೋಲು ಹಿಡಿದುಕೊಂಡು ಬಂತು. ನಮ್ಮ ತೇಜಸ್‌ನಲ್ಲೂ ಕೋಲೇ.

ಯೋಕ್‌ನಲ್ಲಿ ಯುದ್ಧವಿಮಾನ ಹಾರಿಸುವುದು ಹಿಂಸೆ. ಕೋಲಿನಲ್ಲಿ ಸೆಸ್ನಾ ಹಾರಿಸುವುದು ಹಿಂಸೆ ಅಲ್ಲ. ಹಾಗಾಗಿ ಒಂದೇ ಕೊಳ್ಳುವವರು ಕೋಲು ಕೊಳ್ಳಿ. ಬರೀ ಪ್ರಯಾಣಿಕರ ವಿಮಾನವೇ ನಿಮ್ಮ ಇಷ್ಟ, ಮೇಜೂ ದೊಡ್ಡದಿದೆ ಅಂದರೆ ಹನಿಕೂಂಬ್ ಆಲ್ಫಾ ಒಳ್ಳೆಯ ಯೋಕ್. ಎಡಕ್ಕೂ ಬಲಕ್ಕೂ 90 ಡಿಗ್ರಿ ತಿರುಗುತ್ತದೆ. ಅಗ್ಗದ ಯೋಕ್ ಮಾತ್ರ ಬೇಡ. ಎಳೆಯುವಾಗ ನಡುವೆ ಹಿಡಿದುಕೊಂಡು ಜಗ್ಗುತ್ತದೆ, ಇಳಿಯುವ ಹೊತ್ತಿಗೆ ಅದೇ ಶತ್ರು.

ನಾನು ಎಡಚ. ನನಗೆ ಯಾವುದು?

ನಿಮಗೆ ಲಾಭವೇ ಇದೆ. ಎ320ಯ ಕ್ಯಾಪ್ಟನ್ ಕೂರುವುದು ಎಡಗಡೆ. ಅವರು ಎಡಗೈಯಲ್ಲಿ ಕೋಲು ಹಿಡಿದು ಬಲಗೈಯಲ್ಲಿ ಥ್ರಾಟಲ್ ನೋಡುತ್ತಾರೆ. ಟಿ.16000ಎಂ, ಟಿಸಿಎ ಎರಡರಲ್ಲೂ ಹಿಡಿಯ ತುಂಡುಗಳನ್ನು ಬಿಚ್ಚಿ ಎಡಗೈಗೆ ಜೋಡಿಸಬಹುದು. ಗ್ಲಾಡಿಯೇಟರಿಗೆ ಎಡಗೈಯದ್ದೇ ಬೇರೆ ಮಾದರಿ ಇದೆ.

ಹೋಟಾಸ್ ಅಂದರೇನು? ಥ್ರಾಟಲ್ ಬೇರೆ ಬೇಕಾ?

ಒಂದು ಕೈ ಕೋಲಿನ ಮೇಲೆ, ಇನ್ನೊಂದು ಕೈ ಥ್ರಾಟಲ್ ಮೇಲೆ. ಬೇಕಾದ ಬಟನೆಲ್ಲ ಬೆರಳ ಬುಡದಲ್ಲೇ. ಕೈ ಎತ್ತುವ ಹಾಗೇ ಇಲ್ಲ. ಯುದ್ಧವಿಮಾನದ ಪದ್ಧತಿ ಅದು. ಡಿಸಿಎಸ್ ಎಂಬ ಯುದ್ಧವಿಮಾನದ ಸಿಮ್ಯುಲೇಟರ್ ಆಡುವವರಿಗೆ ಬೇಕು. ಸೆಸ್ನಾದಲ್ಲಿ ಬೇಕಲ ಕೋಟೆ ನೋಡಿ ಬರುವವರಿಗೆ ಬೇಡ, ಬುಡದ ಚಿಕ್ಕ ಥ್ರಾಟಲ್ ಸಾಕು. ಎರಡು ಇಂಜಿನ್ನಿನ ದೊಡ್ಡ ವಿಮಾನದ ಆಸೆ ಬಂದಾಗ ಎರಡು ಹಿಡಿಯ ಥ್ರಾಟಲ್ ಕೊಂಡರಾಯಿತು.

ಕಾಲಿನ ಪೆಡಲ್?

ಕೋಲನ್ನು ತಿರುಪುವಾಗ ಕೈ ಅರಿವಿಲ್ಲದೆ ಚೂರು ವಾಲುತ್ತದೆ. ರಡ್ಡರ್ ಕೊಡಲು ಹೋಗಿ ರೆಕ್ಕೆಯನ್ನೂ ಬಗ್ಗಿಸಿರುತ್ತೀರಿ. ಪೆಡಲ್ ಇದ್ದರೆ ಆ ಗೊಂದಲ ಇಲ್ಲ. ಎಡ ಕಾಲು ಮುಂದಕ್ಕೆ ತಳ್ಳಿದರೆ ಮೂತಿ ಎಡಕ್ಕೆ. ಕಾಲ್ಬೆರಳಲ್ಲಿ ಒತ್ತಿದರೆ ಆಯಾ ಬದಿಯ ಬ್ರೇಕ್. ಹೆಲಿಕಾಪ್ಟರ್ ಹುಚ್ಚು ಇದ್ದರಂತೂ ಪೆಡಲ್ ಇಲ್ಲದೆ ನಡೆಯದು.

ಒಂದು ಎಚ್ಚರಿಕೆ. ನಮ್ಮ ಕಡೆ ನುಣುಪಾದ ರೆಡ್ ಆಕ್ಸೈಡ್ ನೆಲ. ಚಕ್ರದ ಕುರ್ಚಿಯಲ್ಲಿ ಕೂತು ಪೆಡಲ್ ತುಳಿದರೆ ಪೆಡಲ್ ಅಲ್ಲೇ ಇರುತ್ತದೆ, ನೀವು ಹಿಂದೆ ಹೋಗುತ್ತೀರಿ. ನಾನು ಊಟದ ಮೇಜಿನ ಮರದ ಕುರ್ಚಿಗೆ ಬದಲಾದೆ. ಪೆಡಲಿನ ಅಡಿಗೆ ಹಳೇ ರಬ್ಬರ್ ಮ್ಯಾಟ್, ಹಿಂದೆ ಗೋಡೆ.

ಜಾಯ್‌ಸ್ಟಿಕ್ ಮೇಜಿನ ಮೇಲೆ ಜಾರುತ್ತದೆ. ಭುಜ ನೋಯುತ್ತದೆ.

ಮೇಜು ಎತ್ತರ ಜಾಸ್ತಿ. ಮೊಣಕೈ ಮಡಚಿದಾಗ ಮುಂಗೈ ನೆಲಕ್ಕೆ ಸಮನಾಗಿ ಇರಬೇಕು. ಅಲ್ಲಿಗೆ ಕೋಲು ಬರಬೇಕು. ನಮ್ಮೂರಿನ ಬಡಗಿಗೆ ಹೇಳಿ ಒಂದು ಹಲಸಿನ ಹಲಗೆಯನ್ನು ಮೇಜಿನ ಕೆಳಗೆ, ಒಂದು ಗೇಣು ತಗ್ಗಿಗೆ ಕೂರಿಸಿದೆ. ‘ಇದು ಯಾವ ದೇವರಿಗೆ ಮಣೆ?’ ಅಂತ ಅವರು ಕೇಳಿದರು. ಜಾಯ್‌ಸ್ಟಿಕ್ಕನ್ನು ಅದಕ್ಕೆ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದ್ದೇನೆ. ಖರ್ಚು ಲೆಕ್ಕಕ್ಕೆ ಬಾರದಷ್ಟು. ಹೊಸ ಜಾಯ್‌ಸ್ಟಿಕ್‌ಗಿಂತ ಇದರಿಂದಲೇ ನನ್ನ ಇಳಿಯುವಿಕೆ ಜಾಸ್ತಿ ಸುಧಾರಿಸಿತು.

ಡೆಡ್ ಜೋನ್, ಕರ್ವ್ ಇವೆಲ್ಲ ಮುಟ್ಟಬೇಕಾ?

ಹಳೇ ಜೀಪಿನ ಸ್ಟೇರಿಂಗ್ ನೆನಪಿದೆಯಾ? ನಾಲ್ಕು ಬೆರಳು ತಿರುಗಿಸಿದ ಮೇಲೆ ಚಕ್ರ ತಿರುಗಲು ಶುರು. ಆ ಸಡಿಲವೇ ಡೆಡ್ ಜೋನ್. ಒಳ್ಳೆಯ ಸೆನ್ಸರ್ ಇದ್ದರೆ ಸೊನ್ನೆ ಇಡಿ. ನಡುಗುವ ಹಳೇ ಕೋಲಿಗೆ ಶೇಕಡಾ 3ರಿಂದ 5 ಸಾಕು. ತಿರುಪಿಗೆ ಮಾತ್ರ ಸ್ವಲ್ಪ ಜಾಸ್ತಿ ಇಟ್ಟರೂ ನಷ್ಟ ಇಲ್ಲ.

ಕರ್ವ್ ಎಂದರೆ ನಡುವಿನಲ್ಲಿ ಮೆತ್ತಗೆ, ತುದಿಯಲ್ಲಿ ಚುರುಕು ಮಾಡುವುದು. ಮೇಜಿನ ಜಾಯ್‌ಸ್ಟಿಕ್ ಗಿಡ್ಡ, ನಿಜವಾದ ವಿಮಾನದ ಕೋಲು ಉದ್ದ. ಹಾಗಾಗಿ ಕೊಂಚ ಕರ್ವ್ ಬೇಕು. ಆದರೆ ವಾರಕ್ಕೊಮ್ಮೆ ಬದಲಾಯಿಸುತ್ತಾ ಕೂರಬೇಡಿ. ಕೈ ಒಂದಕ್ಕೆ ಒಗ್ಗಲು ಬಿಡಿ.

ಇದಕ್ಕಿಂತ ಮುಖ್ಯ ಟ್ರಿಮ್, ಅಂದರೆ ಕೋಲು ಹಿಡಿಯದೆಯೇ ಮೂತಿ ಬೇಕಾದಲ್ಲಿ ನಿಲ್ಲುವ ಹಾಗೆ ಹೊಂದಿಸುವುದು. ಜಾಯ್‌ಸ್ಟಿಕ್‌ನ ಸ್ಪ್ರಿಂಗ್ ಯಾವಾಗಲೂ ನಡುವಿಗೆ ಎಳೆಯುತ್ತದೆ. ವೇಗ ಕಡಿಮೆಯಾದರೆ ಮೂತಿ ಎತ್ತಿ ಹಿಡಿಯಲು ಕೋಲನ್ನು ಹಿಂದಕ್ಕೆ ಎಳೆದೇ ಇರಬೇಕು, ಹತ್ತು ನಿಮಿಷಕ್ಕೆ ಮಣಿಕಟ್ಟು ಸೋಲುತ್ತದೆ. ಹೆಬ್ಬೆರಳಿಗೆ ಸಿಗುವ ಎರಡು ಬಟನ್‌ಗೆ ಟ್ರಿಮ್ ಕೊಡಿ. ಕೋಲು ಬಿಟ್ಟರೂ ವಿಮಾನ ಅದೇ ಎತ್ತರದಲ್ಲಿ ಹೋಗುವ ತನಕ ಅದನ್ನು ಒತ್ತುತ್ತಾ ಬನ್ನಿ.

ಮುಟ್ಟದಿದ್ದರೂ ವಿಮಾನ ತಾನೇ ವಾಲುತ್ತದೆ. ಜಾಯ್‌ಸ್ಟಿಕ್ ಹಾಳಾ?

ಗಡಿಬಿಡಿ ಬೇಡ. ವಿಂಡೋಸ್‌ನಲ್ಲಿ ರನ್ ತೆರೆದು joy.cpl ಅಂತ ಕೊಡಿ. ಕಂಟ್ರೋಲರ್ ಪಟ್ಟಿ ಬರುತ್ತದೆ. ಅಲ್ಲಿ ಕೋಲು ಬಿಟ್ಟಾಗ ಗುರುತು ನಡುವೆ ನಿಲ್ಲಬೇಕು. ನಿಲ್ಲದಿದ್ದರೆ ಕ್ಯಾಲಿಬ್ರೇಟ್ ಮಾಡಿ. ನಿಂತರೆ ಕೋಲು ಸರಿ ಇದೆ, ತಪ್ಪು ಸಿಮ್ಯುಲೇಟರಿನ ಒಳಗೆ. ಹೆಚ್ಚಾಗಿ ಒಂದೇ ಕೆಲಸವನ್ನು ಎರಡು ಸಾಧನಕ್ಕೆ ಕೊಟ್ಟಿರುತ್ತದೆ. ರಡ್ಡರ್ ಕೋಲಿನ ತಿರುಪಿಗೂ ಇದೆ, ಪೆಡಲಿಗೂ ಇದೆ, ಎರಡೂ ಜಗಳ ಆಡುತ್ತವೆ. ಒಂದನ್ನು ತೆಗೆಯಿರಿ. ಅಡ್ಡಗಾಳಿ ಇಟ್ಟು ಮರೆತಿದ್ದೀರಾ ಅಂತಲೂ ನೋಡಿ. ನಾನು ಮರೆತಿದ್ದೆ.

ಭಾವ ದುಬೈಯಿಂದ ಬರುತ್ತಿದ್ದಾನೆ. ಅಲ್ಲಿಂದ ತರಿಸಬಹುದಾ?

ಯುಎಸ್‌ಬಿ ಆದ ಕಾರಣ ಇಲ್ಲಿ ಓಡುವುದಕ್ಕೆ ತೊಂದರೆ ಇಲ್ಲ. ಆದರೆ ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ನನ್ನ ಎರಡನೆಯದು ಹಾಗೆ ಬಂದದ್ದು. ಏಳನೇ ತಿಂಗಳಿಗೆ ತಿರುಪು ಕೈಕೊಟ್ಟಿತು. ಕೊಂಡ ದೇಶದಲ್ಲೇ ಕೊಡಿ ಅಂದರು. ಭಾವನ ಮುಂದಿನ ರಜೆ ಒಂದೂವರೆ ವರ್ಷದ ಆಚೆ. ಭಾರದ ವಿಷಯವೂ ಇದೆ. ವಾರ್ಥಾಗ್ ಕೋಲು, ಥ್ರಾಟಲ್ ಸೇರಿ 6 ಕಿಲೋಗಿಂತ ಜಾಸ್ತಿ. ಅಕ್ಕನಿಗೆ ತಿಳಿಯದ ಹಾಗೆ ಖರ್ಜೂರ ಬಿಟ್ಟು ಅದನ್ನು ತರುವ ಭಾವ ಎಲ್ಲರಿಗೂ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಕೈಯಲ್ಲಿ ಹಿಡಿದು ನೋಡದೆ ಬೇಡ. ಲ್ಯಾಪ್‌ಟಾಪ್ ಒಯ್ಯಿರಿ. ಕೋಲನ್ನು ಮೆಲ್ಲಗೆ ಒಂದು ಸುತ್ತು ಸುತ್ತಿಸಿ, ಗುರುತು ಹಾರದೆ ಹರಿಯಬೇಕು. ತಿರುಪಿ ಬಿಡಿ, ನಡುವಿಗೆ ಬರಬೇಕು. ಹೆಚ್ಚಿನವು ಸಾಯುವುದು ತಿರುಪಿನಲ್ಲೇ. 15 ಪಿನ್ನಿನ ಅಗಲ ಪ್ಲಗ್ ಇರುವ ಹಳೇ ಗೇಮ್‌ಪೋರ್ಟ್ ಜಾಯ್‌ಸ್ಟಿಕ್ ಕೊಟ್ಟರೆ ಪುಕ್ಕಟೆಯಾದರೂ ಬೇಡ. ವಿಂಡೋಸ್ ವಿಸ್ಟಾ ಕಾಲಕ್ಕೇ ಅದರ ಬೆಂಬಲ ನಿಂತಿದೆ.

ಎಕ್ಸ್‌ಬಾಕ್ಸ್‌ಗೆ ಯಾವುದು ಹಾಕಿದರೂ ಆಗುತ್ತದಾ?

ಇಲ್ಲ. ಪೆಟ್ಟಿಗೆಯ ಮೇಲೆ ಎಕ್ಸ್‌ಬಾಕ್ಸ್ ಅಂತ ಬರೆದಿರಲೇಬೇಕು. ಥ್ರಸ್ಟ್‌ಮಾಸ್ಟರ್ ಟಿ.ಫ್ಲೈಟ್ ಹೋಟಾಸ್ ಒನ್ ಆಗುತ್ತದೆ, ಪಿಸಿಗೂ ಆಗುತ್ತದೆ.

ಮಳೆ, ಸಿಡಿಲು, ಇರುವೆ?

ಪತ್ತನಾಜೆ ಹೊತ್ತಿನ, ಅಂದರೆ ಮೇ ಕೊನೆಯ, ಸಿಡಿಲಿಗೆ ಪ್ಲಗ್ ತೆಗೆಯುವ ಅಭ್ಯಾಸ ಎಲ್ಲ ಮನೆಯಲ್ಲೂ ಇದೆ. ಇಂಟರ್ನೆಟ್ಟಿನ ವೈರನ್ನು ಮರೆಯುತ್ತೇವೆ, ಅದನ್ನೂ ತೆಗೆಯಿರಿ. ಮಳೆಗಾಲದಲ್ಲಿ ಆಡದ ದಿನ ಜಾಯ್‌ಸ್ಟಿಕ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಚಹಾ, ಚಕ್ಕುಲಿ ತಿಂದ ಕೈಯಲ್ಲಿ ಮುಟ್ಟಬೇಡಿ. ಎಣ್ಣೆ ಅಂಟಿದರೆ ಸಣ್ಣ ಇರುವೆಗಳು ಸೀದಾ ಬಟನ್ ಸಂದಿಗೆ ಹೋಗುತ್ತವೆ.

ಸಿಮ್ಯುಲೇಟರಿಗೂ ದುಡ್ಡು ಹಾಕಬೇಕಲ್ಲ?

ಮೊದಲಿಗೆ ಬೇಡ. ಫ್ಲೈಟ್‌ಗಿಯರ್ ಪೂರ್ತಿ ಉಚಿತ, ಲಿನಕ್ಸ್‌ನಲ್ಲೂ ಓಡುತ್ತದೆ, ಹಳೇ ಕಂಪ್ಯೂಟರಿಗೂ ಕರುಣೆ ತೋರಿಸುತ್ತದೆ. ಡಿಸಿಎಸ್‌ನಲ್ಲಿ ಎಸ್‌ಯು-25ಟಿ, ಟಿಎಫ್-51ಡಿ ವಿಮಾನಗಳು ಉಚಿತ. ಕೊಳ್ಳುವ ಮೊದಲು ಜಾಯ್‌ಸ್ಟಿಕ್ಕನ್ನು ಇವುಗಳಲ್ಲಿ ಪಳಗಿಸಿ.

ಎಲ್ಲ ಜೋಡಿಸಿ ಆಯಿತು. ಮೊದಲು ಎಲ್ಲಿಗೆ ಹಾರಲಿ?

ಸೆಸ್ನಾ 172 ತಗೊಳ್ಳಿ. ಗಾಳಿ ಸೊನ್ನೆ ಮಾಡಿ. ಬಜ್ಪೆಯಿಂದ ಎದ್ದು 2000 ಅಡಿಗೆ ಏರಿ, ಕಡಲು ಕಂಡ ಮೇಲೆ ಎಡಕ್ಕೆ ತಿರುಗಿ. ಕರಾವಳಿಯನ್ನು ಬಲಗಡೆ ಇಟ್ಟುಕೊಂಡರೆ ದಾರಿ ತಪ್ಪುವ ಭಯ ಇಲ್ಲ. ನೇತ್ರಾವತಿ ದಾಟುತ್ತದೆ, ಉಳ್ಳಾಲ, ತಲಪಾಡಿ, ಮಂಜೇಶ್ವರ, ಕುಂಬಳೆ. ಚಂದ್ರಗಿರಿ ಹೊಳೆ ಕಡಲು ಸೇರುವ ಜಾಗದಲ್ಲಿ ಕಾಸರಗೋಡು. ಇನ್ನೂ ಸ್ವಲ್ಪ ಮುಂದೆ ನೀರಿಗೆ ಚಾಚಿದ ಬೇಕಲ ಕೋಟೆ. ಆಮೇಲೆ ತೀರದಲ್ಲೇ ಎದ್ದು ನಿಂತ ಏಳಿಮಲೆ, 286 ಮೀಟರ್ ಎತ್ತರ. ಅಲ್ಲಿಂದ ಒಳನಾಡಿಗೆ ತಿರುಗಿದರೆ ಮಟ್ಟನ್ನೂರಿನ ಹತ್ತಿರ ಕಣ್ಣೂರು ನಿಲ್ದಾಣ. 2018ರ ಡಿಸೆಂಬರಿನಲ್ಲಿ ತೆರೆದದ್ದು. ರನ್‌ವೇ 3050 ಮೀಟರ್, ಬಜ್ಪೆಗಿಂತ 600 ಮೀಟರ್ ಜಾಸ್ತಿ, ಕಲಿಯುವವರಿಗೆ ಬೇಕಾದಷ್ಟು. ನೇರ ಅಳೆದರೆ ಸುಮಾರು 135 ಕಿಲೋಮೀಟರ್, ಕರಾವಳಿ ಹಿಡಿದು ಹೋದರೆ ಮುಕ್ಕಾಲು ಗಂಟೆಯ ದಾರಿ.

ಮೊದಲ ಸಲ ನಾನು ಕುಂಬಳೆಯಲ್ಲೇ ನೀರಿಗೆ ಬಿದ್ದೆ. ಅಮ್ಮ ಊಟಕ್ಕೆ ಕರೆದರು, ಕೋಲು ಬಿಟ್ಟು ಎದ್ದೆ, ಟ್ರಿಮ್ ಮಾಡಿರಲಿಲ್ಲ.